ಓವನ್ ಇಲ್ಲದ ಹಣ್ಣಿನ ಡೆಸರ್ಟ್: ಪ್ರೋಟೀನ್ ಜಾಸ್ತಿ ಬೇಕಾದರೆ ಮೊದಲು ನೀರು ಕಡಿಮೆ ಮಾಡಿ

ಪ್ರಶ್ನೆ: ಊಟ ಆದ ಮೇಲೆ ತಿನ್ನಲು ಹಣ್ಣಿನ ತಂಪು ಸಿಹಿಯೊಂದನ್ನು ಮಾಡಬೇಕೆಂದಿದ್ದೆ. ನನ್ನ ಹತ್ತಿರ ಓವನ್ ಇಲ್ಲ. ತಿಂದರೆ ಭಾರ ಅನ್ನಿಸಬಾರದು, ಆದರೆ ಒಂದು ಬಟ್ಟಲಿಗೆ 15 ಗ್ರಾಂ ಆದರೂ ಪ್ರೋಟೀನ್ ಸಿಗಬೇಕು. ತಾಜಾ ಅನಾನಸ್ ರುಬ್ಬಿ, ಅದಕ್ಕೆ ಫ್ರಿಜ್‌ನಲ್ಲಿದ್ದ ಮೊಸರು, ಎರಡು ಸ್ಕೂಪ್ ವೇ ಪ್ರೋಟೀನ್ ಪುಡಿ (ಹಾಲು ಒಡೆದಾಗ ಸಿಗುವ ತಿಳಿ ನೀರಿನಿಂದ ತೆಗೆದದ್ದು), ಬಿಸಿ ನೀರಿನಲ್ಲಿ ಕರಗಿಸಿದ ಜೆಲಟಿನ್ ಸೇರಿಸಿ ರಾತ್ರಿಯಿಡೀ ಇಟ್ಟೆ. ಬೆಳಗ್ಗೆ ನೋಡಿದರೆ ಗಟ್ಟಿಯೇ ಆಗಿಲ್ಲ. ಅಲ್ಲಲ್ಲಿ ಗಂಟು, ಮೇಲಿಂದ ಕಹಿ ಬೇರೆ. ಜೆಲಟಿನ್ ಕಡಿಮೆಯಾಯಿತಾ? ಪುಡಿ ಸರಿ ಇರಲಿಲ್ಲವಾ? ಸರಿಯಾದ ಅಳತೆ ತಿಳಿಸಿ. ಹಿಂದಿನ ದಿನವೇ ಮಾಡಿಡಬಹುದಾ ಅನ್ನುವುದನ್ನೂ ಹೇಳಿ.

ಉತ್ತರ: ಜೆಲಟಿನ್ ಕಡಿಮೆ ಆಗಿಲ್ಲ. ಇನ್ನೆರಡು ಚಮಚ ಜಾಸ್ತಿ ಹಾಕಿದ್ದರೂ ಅದು ಗಟ್ಟಿಯಾಗುತ್ತಿರಲಿಲ್ಲ. ಪುಡಿಯನ್ನೂ ಬೈಯಬೇಡಿ. ಗಟ್ಟಿಯಾಗದೇ ಹೋದದ್ದಕ್ಕೂ ಕಹಿಯಾದದ್ದಕ್ಕೂ ಹಸಿ ಅನಾನಸ್ಸೇ ಕಾರಣ. ಗಂಟಿನ ಕಥೆ ಮಾತ್ರ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಹಸಿ ಅನಾನಸ್‌ನಲ್ಲಿ ಬ್ರೋಮೆಲೈನ್ ಅನ್ನುವ ಎಂಜೈಮ್ ಇರುತ್ತದೆ. ಪ್ರೋಟೀನನ್ನು ಕತ್ತರಿಸಿ ತುಂಡು ಮಾಡುವುದೇ ಅದರ ಕೆಲಸ. ಅನಾನಸ್ ಜಾಸ್ತಿ ತಿಂದ ದಿನ ನಾಲಿಗೆ ಚುರುಚುರು ಅನ್ನುತ್ತದಲ್ಲ, ಅದರಲ್ಲೂ ಇದರ ಪಾಲಿದೆ. ಇನ್ನು ಜೆಲಟಿನ್ ಅಂದರೆ ಅದೂ ಪ್ರೋಟೀನೇ. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಅದರ ಉದ್ದನೆಯ ಎಳೆಗಳು ತಣ್ಣಗಾಗುತ್ತಾ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ನೀರು ಆ ಬಲೆಯೊಳಗೆ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ. ಜೆಲ್ಲಿ ಗಟ್ಟಿಯಾಗುವುದು ಹೀಗೆ. ಎಳೆಗಳನ್ನೇ ಕತ್ತರಿಸಿ ಹಾಕಿದ ಮೇಲೆ ಬಲೆ ಎಲ್ಲಿಂದ ಬರಬೇಕು?

ಇದನ್ನು ಕಣ್ಣಾರೆ ನೋಡಬೇಕಾದರೆ ಚೆನ್ನಾಗಿ ಗಟ್ಟಿಯಾದ ಜೆಲ್ಲಿಯ ಮೇಲೆ ಒಂದು ಕಡೆ ಹಸಿ ಅನಾನಸ್ ತುಂಡು, ಇನ್ನೊಂದು ಕಡೆ ಸೇಬಿನ ತುಂಡು ಇಟ್ಟು ಮತ್ತೆ ಫ್ರಿಜ್‌ಗೆ ಹಾಕಿ. ಕೆಲವು ಗಂಟೆ ಬಿಟ್ಟು ತೆಗೆಯಿರಿ. ಅನಾನಸ್ ತುಂಡು ತಾನೇ ಒಂದು ಗುಳಿ ಮಾಡಿಕೊಂಡು ಒಳಗಿಳಿದಿರುತ್ತದೆ, ಸುತ್ತ ನೀರು ನಿಂತಿರುತ್ತದೆ. ಸೇಬು ಇಟ್ಟಲ್ಲೇ ಇರುತ್ತದೆ.

ಅನಾನಸ್ ಒಂದೇ ಅಲ್ಲ. ಕಿವಿ ಹಣ್ಣು, ಪಪ್ಪಾಯಿ, ತಾಜಾ ಅಂಜೂರ, ಹಸಿ ಶುಂಠಿ, ಇವೆಲ್ಲದರಲ್ಲೂ ಇದೇ ಬಗೆಯ ಎಂಜೈಮ್‌ಗಳಿವೆ. ಕಿವಿಯಲ್ಲಿ ಆಕ್ಟಿನಿಡಿನ್, ಪಪ್ಪಾಯಿಯಲ್ಲಿ ಪಪೈನ್, ಅಂಜೂರದಲ್ಲಿ ಫಿಸಿನ್. ಹೆಸರು ನೆನಪಿಟ್ಟುಕೊಳ್ಳಬೇಕಾಗಿಲ್ಲ, ಹಣ್ಣು ನೆನಪಿದ್ದರೆ ಸಾಕು. ಸ್ಟ್ರಾಬೆರಿ, ಬ್ಲೂಬೆರಿ, ಸೇಬು, ಪೀಚ್, ಕಿತ್ತಳೆ, ದ್ರಾಕ್ಷಿ, ಚೆರ್ರಿ ಇವುಗಳಿಂದ ಈ ತೊಂದರೆ ಇಲ್ಲ.

ಈಗ ಕಹಿಯ ವಿಷಯ. ಎಂಜೈಮ್ ಜೆಲಟಿನ್ ಕತ್ತರಿಸಿ ಸುಮ್ನೆ ಕೂರುವುದಿಲ್ಲ. ಪಕ್ಕದಲ್ಲೇ ಮೊಸರಿದೆ, ವೇ ಪುಡಿ ಇದೆ. ಅವೂ ಪ್ರೋಟೀನ್ ತಾನೇ? ಹಾಲಿನ ಪ್ರೋಟೀನ್ ಹೀಗೆ ತುಂಡಾದಾಗ ಹುಟ್ಟುವ ಚೂರುಗಳಲ್ಲಿ ಕೆಲವು ನಾಲಿಗೆಗೆ ಕಹಿ. ನೀವು ಎರಡು ಸ್ಕೂಪ್ ಪುಡಿ ಹಾಕಿದ್ದರಿಂದ ಎಂಜೈಮ್‌ಗೆ ಕೆಲಸವೂ ಜಾಸ್ತಿ ಸಿಕ್ಕಿತು, ನಿಮಗೆ ಕಹಿಯೂ ಜಾಸ್ತಿ ಸಿಕ್ಕಿತು. ಇಲ್ಲಿ ಒಂದು ಮಾತು ಹೇಳಲೇಬೇಕು. 'ಹಸಿ ಅನಾನಸ್‌ಗೆ ಜೆಲಟಿನ್ ಬದಲು ಚೈನಾ ಗ್ರಾಸ್ ಹಾಕಿ, ಸರಿಹೋಗುತ್ತದೆ' ಅಂತ ಬಹಳ ಜನ ಹೇಳುತ್ತಾರೆ. ನೀರಿನ ಜೆಲ್ಲಿಗಾದರೆ ಆ ಮಾತು ಸರಿ. ಚೈನಾ ಗ್ರಾಸ್, ಅಂದರೆ ಅಗರ್ ಅಗರ್, ಕಡಲ ಪಾಚಿಯಿಂದ ಬರುವ ಕಾರ್ಬೋಹೈಡ್ರೇಟ್. ಅದನ್ನು ಈ ಎಂಜೈಮ್ ಮುಟ್ಟುವುದಿಲ್ಲ. ಆದರೆ ಮೊಸರಿರುವ ಡೆಸರ್ಟ್‌ನಲ್ಲಿ ಗಟ್ಟಿಯಾದರೂ ಕಹಿ ಬರುವುದು ತಪ್ಪುವುದಿಲ್ಲ.

ಪರಿಹಾರ ಸುಲಭ. ಹಣ್ಣನ್ನು ಬೇಯಿಸಿ. ಅನಾನಸ್ಸನ್ನು ಸಣ್ಣಗೆ ಹೆಚ್ಚಿ, ಅದರದೇ ರಸದಲ್ಲಿ ಕುದಿ ಬರಿಸಿ, ಕುದಿ ಬಂದ ಮೇಲೆ ಐದು ನಿಮಿಷ ಸಣ್ಣ ಉರಿಯಲ್ಲಿ ಬಿಡಿ. ಎಂಜೈಮ್ ಸತ್ತುಹೋಗುತ್ತದೆ. ಡಬ್ಬಿಯ ಅನಾನಸ್ ಆದರೆ ಅದನ್ನು ತುಂಬುವಾಗಲೇ ಬಿಸಿ ಮಾಡಿರುತ್ತಾರೆ, ನೇರ ಬಳಸಬಹುದು. ಫ್ರೀಜರ್‌ನಲ್ಲಿಟ್ಟ ಹಣ್ಣು ಬೇಯಿಸಿದ ಹಣ್ಣಿಗೆ ಸಮ ಅಂದುಕೊಳ್ಳಬೇಡಿ. ಚಳಿಗೆ ಎಂಜೈಮ್ ಮಲಗುತ್ತದೆ ಅಷ್ಟೇ, ಕರಗಿದ ಮೇಲೆ ಎದ್ದು ಕೂರುತ್ತದೆ. ಕಿವಿ ಬೇಯಿಸಿದರೆ ಆ ಹಸಿರೂ ಹೋಗುತ್ತದೆ, ರುಚಿಯೂ ಹೋಗುತ್ತದೆ. ಹಾಗಾಗಿ ಅದನ್ನು ತಿನ್ನುವ ಹೊತ್ತಿಗೆ ಮೇಲೆ ಹೆಚ್ಚಿ ಹಾಕಿ. ಹತ್ತು ನಿಮಿಷದಲ್ಲಿ ಏನೂ ಕೆಡುವುದಿಲ್ಲ.

ಗಂಟಿಗೆ ಬರೋಣ. ನೀವು ಮಾಡಿದ ಕ್ರಮದಲ್ಲಿ ಎರಡು ಥರದ ಗಂಟು ಆಗಬಹುದು. ಬಿಸಿ ಜೆಲಟಿನ್ ನೀರನ್ನು ಫ್ರಿಜ್‌ನಿಂದ ಆಗಷ್ಟೇ ತೆಗೆದ ಮೊಸರಿಗೆ ಸುರಿದರೆ ಅದು ಬಿದ್ದಲ್ಲೇ ಗಟ್ಟಿಯಾಗಿ ರಬ್ಬರ್ ಎಳೆಯಂತೆ ಆಗುತ್ತದೆ. ಅಗಿದರೆ ಜಗ್ಗುತ್ತದೆ, ಬಣ್ಣ ಇರುವುದಿಲ್ಲ. ಇನ್ನೊಂದು ವೇ ಪುಡಿಯ ಗಂಟು. ಇದು ಬಿಳಿ, ಬಾಯಿಗೆ ಮರಳು ಮರಳು. ವೇ ಪ್ರೋಟೀನ್ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ಬೆಂದ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗಿಬಿಡುತ್ತದೆ. ಒಮ್ಮೆ ಹಾಗಾದರೆ ಮಿಕ್ಸಿಗೆ ಹಾಕಿದರೂ ಪೂರ್ತಿ ನಯವಾಗುವುದಿಲ್ಲ. ಬಿಸಿ ಇಲ್ಲದಿದ್ದರೂ ಒಣ ಪುಡಿಯನ್ನು ಒಮ್ಮೆಲೇ ಸುರಿದರೆ ಹೊರಗೆ ಒದ್ದೆ, ಒಳಗೆ ಒಣಗಿರುವ ಉಂಡೆಗಳಾಗುತ್ತವೆ. ಆದ್ದರಿಂದ ಪುಡಿ ಯಾವಾಗಲೂ ಜರಡಿಯಲ್ಲಿ ಬೀಳಲಿ, ಅದು ಸೇರುವ ಮಿಶ್ರಣ ಉಗುರುಬೆಚ್ಚಗಿಂತ ಬಿಸಿ ಇರದಿರಲಿ.

ಇಷ್ಟು ಸರಿಮಾಡಿಕೊಂಡರೆ ನಿಮ್ಮ ಡೆಸರ್ಟ್ ಗಟ್ಟಿಯಾಗುತ್ತದೆ. ಆದರೂ ಅದೇ ಅಳತೆಯಲ್ಲಿ ಮತ್ತೆ ಮಾಡಿ ಅಂತ ನಾನು ಹೇಳುವುದಿಲ್ಲ. ಎರಡು ಸ್ಕೂಪ್ ಪುಡಿ ಹಾಕಿದ ಮೊಸರಿಗೆ ಪುಡಿಯ ರುಚಿಯೇ ಇರುತ್ತದೆ. ಹಣ್ಣು ಎಲ್ಲೋ ಹಿಂದೆ ಉಳಿಯುತ್ತದೆ. ಪ್ರೋಟೀನ್ ಜಾಸ್ತಿ ಬೇಕು ಅಂದ ತಕ್ಷಣ ಎಲ್ಲರ ಕೈ ಡಬ್ಬಿಯ ಕಡೆಗೆ ಹೋಗುತ್ತದೆ. ನಾನು ಮೊದಲು ನೋಡುವುದು ನೀರನ್ನು. ಮೊಸರಿನಲ್ಲಿ ಪ್ರೋಟೀನ್ ಇದ್ದೇ ಇದೆ. ಜೊತೆಗೆ ಬೇಡದ ನೀರು ಸಿಕ್ಕಾಪಟ್ಟೆ ಇದೆ. ಆ ನೀರು ತೆಗೆದರೆ ಅರ್ಧ ಕೆಲಸ ಮುಗಿದ ಹಾಗೆ.

ಲೆಕ್ಕ ನೋಡಿ. ಸಾಮಾನ್ಯ ಮೊಸರಿನಲ್ಲಿ 100 ಗ್ರಾಂಗೆ ಸುಮಾರು 3.5 ಗ್ರಾಂ ಪ್ರೋಟೀನ್. 1 ಕಿಲೋ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಪಾತ್ರೆಯ ಮೇಲೆ ಜರಡಿ ಇಟ್ಟು ಅದರಲ್ಲಿ ಕೂರಿಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿ ಬಿಡಿ. ಬೆಳಗ್ಗೆಗೆ ಸುಮಾರು 600 ಗ್ರಾಂ ತಿಳಿ ನೀರು ಇಳಿದಿರುತ್ತದೆ. ಆ ನೀರಿನಲ್ಲಿ ಹೋಗುವುದು ಹೆಚ್ಚಾಗಿ ಹಾಲಿನ ಸಕ್ಕರೆ, ಒಂದಿಷ್ಟು ಖನಿಜ. ಪ್ರೋಟೀನ್ ಹೋಗುವುದು ಬಹಳ ಕಡಿಮೆ, ಒಟ್ಟು ನಾಲ್ಕೈದು ಗ್ರಾಂ ಅಷ್ಟೇ. ಬಟ್ಟೆಯಲ್ಲಿ ಉಳಿದ 400 ಗ್ರಾಂ ಗಟ್ಟಿ ಮೊಸರಿನಲ್ಲಿ 30 ಗ್ರಾಂ ದಾಟಿ ಪ್ರೋಟೀನ್ ಇರುತ್ತದೆ. ಅಂದರೆ 100 ಗ್ರಾಂಗೆ 8 ಗ್ರಾಂ ಹತ್ತಿರ. ಯಾವ ಪುಡಿಯೂ ಇಲ್ಲದೆ ಎರಡು ಪಟ್ಟು ಮೀರಿತು. ಸರಿಯಾಗಿ ಇಳಿದಿದೆಯೋ ಇಲ್ಲವೋ ನೋಡುವುದಕ್ಕೆ ತಕ್ಕಡಿ ಬೇಕಿಲ್ಲ. ಚಮಚ ಚುಚ್ಚಿ ನಿಲ್ಲಿಸಿದರೆ ನಿಲ್ಲಬೇಕು. ಬಟ್ಟೆ ಬಿಡಿಸುವಾಗ ಮೊಸರು ಬಟ್ಟೆಗೆ ಅಂಟದೆ ಉಂಡೆಯಾಗಿ ಕಳಚಿಕೊಳ್ಳಬೇಕು. ಇಳಿದ ನೀರನ್ನು ಚೆಲ್ಲಬೇಡಿ, ಹಿಟ್ಟು ಕಲಸಲು ಚೆನ್ನಾಗಿರುತ್ತದೆ.

ಅಷ್ಟು ಪುರುಸೊತ್ತಿಲ್ಲದಿದ್ದರೆ ಗ್ರೀಕ್ ಯೋಗರ್ಟ್ ತನ್ನಿ. ಕೊಬ್ಬು ತೆಗೆದದ್ದರಲ್ಲಿ 100 ಗ್ರಾಂಗೆ 10 ಗ್ರಾಂ ಹತ್ತಿರ ಪ್ರೋಟೀನ್ ಇರುತ್ತದೆ. ಆದರೆ ಡಬ್ಬದ ಹಿಂಭಾಗ ಓದಿ. 'ಗ್ರೀಕ್ ಶೈಲಿ' ಅಂತ ಬರೆದು, ಒಳಗೆ ಸ್ಟಾರ್ಚ್ ಅಥವಾ ಕೆನೆ ಹಾಕಿ ದಪ್ಪ ಮಾಡಿರುವುದೂ ಉಂಟು. ಪ್ರೋಟೀನ್ 5 ಗ್ರಾಂ ಅಂತಿದ್ದರೆ ಅದು ನೀರು ತೆಗೆದ ಮೊಸರಲ್ಲ. ಕಾಟೇಜ್ ಚೀಸ್ ಕೂಡ (ಪನೀರ್ ಅಲ್ಲ, ಡಬ್ಬದಲ್ಲಿ ಬರುವ ಮೆತ್ತನೆಯ ಹರಳು ಹರಳಾದ ಚೀಸ್) 11 ಗ್ರಾಂ ಆಸುಪಾಸು ಕೊಡುತ್ತದೆ. ಮಿಕ್ಸಿಯಲ್ಲಿ ಚೆನ್ನಾಗಿ ತಿರುವಿದರೆ ನಯವಾಗುತ್ತದೆ. ಅದರಲ್ಲಿ ಉಪ್ಪು ಇರುತ್ತದೆ ಅನ್ನುವುದು ಮಾತ್ರ ನೆನಪಿರಲಿ.

ನೀರಿನ ಇನ್ನೊಂದು ಮೂಲ ಹಣ್ಣು. ಸ್ಟ್ರಾಬೆರಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಅದಕ್ಕೆ ಸಕ್ಕರೆ ಬಿದ್ದರಂತೂ ಕೇಳಬೇಡಿ. ಅರ್ಧ ಗಂಟೆಯಲ್ಲಿ ತಟ್ಟೆ ತುಂಬ ರಸ. ಕಷ್ಟಪಟ್ಟು ಮೊಸರಿನ ನೀರು ತೆಗೆದು, ಅದೇ ನೀರನ್ನು ಹಣ್ಣಿನ ಮೂಲಕ ವಾಪಸ್ ಹಾಕುವುದರಲ್ಲಿ ಅರ್ಥವಿಲ್ಲ ಅಲ್ವಾ? ಹಣ್ಣನ್ನು ಬಾಣಲೆಯಲ್ಲಿ ಸ್ವಲ್ಪ ಹೊತ್ತು ಬೇಯಿಸಿ ಇಂಗಿಸಿದರೆ ಎರಡು ಲಾಭ. ಮಿಶ್ರಣ ತೆಳುವಾಗುವುದಿಲ್ಲ, ಹಣ್ಣಿನ ರುಚಿಯೂ ಗಟ್ಟಿಯಾಗುತ್ತದೆ. ಫ್ರೀಜರ್‌ನ ಹಣ್ಣಾದರೆ ಕರಗಿದ ಮೇಲೆ ಬಿಟ್ಟ ರಸವನ್ನು ಬೇರೆ ಮಾಡಿ, ಆ ರಸವನ್ನಷ್ಟೇ ಕುದಿಸಿ ಇಂಗಿಸಿ, ಹಣ್ಣಿಗೆ ಮತ್ತೆ ಸೇರಿಸಿ. ಬಾಳೆಹಣ್ಣು, ಮಾವಿನ ತಿರುಳು ತಾವೇ ದಪ್ಪ ಇರುವುದರಿಂದ ಇಷ್ಟೆಲ್ಲ ಬೇಡ. ಆದರೆ ಬಾಳೆಹಣ್ಣಿನಲ್ಲಿ 100 ಗ್ರಾಂಗೆ ಸುಮಾರು 90 ಕ್ಯಾಲೊರಿ, ಸ್ಟ್ರಾಬೆರಿಯಲ್ಲಿ 32. ಹಗುರ ಬೇಕು ಅನ್ನುವವರು ಬೆರಿಗಳ ಕಡೆಗೇ ಹೋಗುವುದು ಒಳ್ಳೆಯದು.

ಈಗ ನಾಲ್ಕು ಬಟ್ಟಲಿಗೆ ಅಳತೆ. ಮೇಲೆ ಹೇಳಿದ 400 ಗ್ರಾಂ ಗಟ್ಟಿ ಮೊಸರು, ಅದು ಕೆನೆ ತೆಗೆದ ಹಾಲಿನದಾಗಿರಲಿ. ಸ್ಟ್ರಾಬೆರಿ 300 ಗ್ರಾಂ. ಸಕ್ಕರೆ 40 ಗ್ರಾಂ. ಜೆಲಟಿನ್ ಪುಡಿ 7 ಗ್ರಾಂ, ಅಂದರೆ ಎರಡೂವರೆ ಟೀ ಚಮಚದಷ್ಟು. ಅದನ್ನು ನೆನೆಸಲು 60 ಮಿಲಿ ತಣ್ಣೀರು. ಸಿಹಿ, ಫ್ಲೇವರ್ ಏನೂ ಇಲ್ಲದ ವೇ ಪ್ರೋಟೀನ್ ಪುಡಿ 35 ಗ್ರಾಂ. ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣಿನ ಸಿಪ್ಪೆಯ ತುರಿ.

ಮೊಸರನ್ನು ಮೊದಲೇ ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ. ಜೆಲಟಿನ್ ಪುಡಿಯನ್ನು ತಣ್ಣೀರಿನ ಮೇಲೆ ಉದುರಿಸಿ ಹತ್ತು ನಿಮಿಷ ಬಿಡಿ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಸುರಿಯಬಾರದು. ಸುರಿದರೆ ತಳದಲ್ಲಿ ಒಣ ಪದರ ಉಳಿಯುತ್ತದೆ. ಅಷ್ಟರಲ್ಲಿ ಹಣ್ಣು ಹೆಚ್ಚಿ, ಸಕ್ಕರೆ ಮತ್ತು ಉಪ್ಪಿನ ಜೊತೆ ಒಲೆಯ ಮೇಲಿಡಿ. ರಸ ಬಿಟ್ಟು, ಕುದಿದು, ಇಂಗಿ, ಒಟ್ಟು 230 ಗ್ರಾಂ ಆಸುಪಾಸಿಗೆ ಬರಲಿ. ಸೌಟಿನಿಂದ ಬಾಣಲೆಯ ತಳ ಗೀರಿದರೆ ಒಂದು ಕ್ಷಣ ತಳ ಕಾಣಬೇಕು, ಆ ಹದ. ಒಲೆ ಆರಿಸಿ, ಹಣ್ಣು ಹಿಸುಕಿ. ಕುದಿ ಪೂರ್ತಿ ನಿಂತ ಮೇಲೆ ನೆನೆದ ಜೆಲಟಿನ್ ಹಾಕಿ ಕರಗುವ ತನಕ ಕಲಸಿ. ಜೆಲಟಿನ್ ಕುದಿಸಬಾರದು, ಕುದಿಸಿದಷ್ಟೂ ಅದರ ಬಲ ಕುಗ್ಗುತ್ತದೆ. ಬಿಸಿ ಹಣ್ಣಿನಲ್ಲಿ ಅದು ತಾನಾಗಿಯೇ ಕರಗುತ್ತದೆ.

ಇನ್ನು ಕಾಯಬೇಕು. ಬೆರಳು ಅದ್ದಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸುವ ಹೊತ್ತಿಗೆ ವೇ ಪುಡಿಯನ್ನು ಜರಡಿ ಹಿಡಿದು ಸೇರಿಸಿ. ಪಾತ್ರೆಯನ್ನು ಫ್ರಿಜ್‌ನಲ್ಲಿಡಿ. ಐದೈದು ನಿಮಿಷಕ್ಕೊಮ್ಮೆ ನೋಡುತ್ತಿರಿ. ಈ ಹಂತ ತಪ್ಪಿಸಬೇಡಿ, ಡೆಸರ್ಟ್ ಹಗುರವಾಗುವುದು ಇಲ್ಲೇ. ಅಂಚಿನಲ್ಲಿ ಗಟ್ಟಿಯಾಗಲು ಶುರುವಾಗಿ, ಚಮಚದಿಂದ ಎತ್ತಿದರೆ ಹಸಿ ಮೊಟ್ಟೆಯ ಬಿಳಿಯ ಹಾಗೆ ಜಾರಿ ಬೀಳಬೇಕು. ಆಗ ಹೊರತೆಗೆದು ಬೀಟರ್‌ನಿಂದ ನಾಲ್ಕೈದು ನಿಮಿಷ ಜೋರಾಗಿ ಬಡಿಯಿರಿ. ಕಡುಗೆಂಪು ಇದ್ದದ್ದು ತಿಳಿ ಗುಲಾಬಿಯಾಗಿ, ಪ್ರಮಾಣ ಉಬ್ಬುತ್ತಾ ಹೋಗುತ್ತದೆ. ಮೊದಲು ದೊಡ್ಡ ಗುಳ್ಳೆ, ಆಮೇಲೆ ಸಣ್ಣ ಗುಳ್ಳೆ, ಕೊನೆಗೆ ಗುಳ್ಳೆಯೇ ಕಾಣದಷ್ಟು ನಯ. ವೇ ಪ್ರೋಟೀನ್ ನೊರೆ ಕಟ್ಟುತ್ತದೆ, ಜೆಲಟಿನ್ ಆ ನೊರೆಯನ್ನು ಹಾಗೇ ಹಿಡಿದು ನಿಲ್ಲಿಸುತ್ತದೆ. ಕ್ರೀಮ್ ಬಡಿದು ಹಾಕುವ ಡೆಸರ್ಟ್‌ಗಳಲ್ಲಿ ಗಾಳಿ ಹಿಡಿಯುವುದು ಕೊಬ್ಬು. ಇಲ್ಲಿ ಆ ಕೆಲಸ ಪ್ರೋಟೀನ್ ಮಾಡುತ್ತದೆ. ಬಡಿಯುವ ಕ್ರೀಮ್‌ನಲ್ಲಿ ನೂರಕ್ಕೆ ಮೂವತ್ತಕ್ಕೂ ಮೇಲೆ ಕೊಬ್ಬು ಇರುತ್ತದೆ, ಕೊಬ್ಬಿಗೆ ಗ್ರಾಂಗೆ 9 ಕ್ಯಾಲೊರಿ. ಪ್ರೋಟೀನ್‌ಗೆ 4.

ಕೊನೆಗೆ ಮೊಸರನ್ನು ಬೇರೆ ಪಾತ್ರೆಯಲ್ಲಿ ಗಂಟಿಲ್ಲದ ಹಾಗೆ ಕಡೆದು, ನಿಂಬೆ ಸಿಪ್ಪೆಯ ತುರಿ ಹಾಕಿ. ನೊರೆಯನ್ನು ಅದಕ್ಕೆ ಮೂರು ಸಲವಾಗಿ, ಅಡಿಯಿಂದ ಮೇಲಕ್ಕೆ ಮಗುಚುತ್ತಾ ಸೇರಿಸಿ. ಗರಗರ ತಿರುಗಿಸಿದರೆ ಗಾಳಿ ಹೋಗುತ್ತದೆ. ಬಟ್ಟಲುಗಳಿಗೆ ಹಾಕಿ ನಾಲ್ಕು ಗಂಟೆ ಫ್ರಿಜ್‌ನಲ್ಲಿಡಿ. ಈ ಅಳತೆಯಲ್ಲಿ ಅದು ಚಮಚಕ್ಕೆ ಮೃದುವಾಗಿ ಸಿಗುತ್ತದೆ. ಅಚ್ಚಿನಿಂದ ತಟ್ಟೆಗೆ ಬೋರಲು ಹಾಕಬೇಕು ಅನ್ನುವ ಆಸೆ ಇದ್ದರೆ ಜೆಲಟಿನ್ 10 ಗ್ರಾಂಗೆ ಏರಿಸಿ. ನನ್ನ ಕೇಳಿದರೆ ಬೇಡ. ಕೊಯ್ದು ತಿನ್ನುವಷ್ಟು ಗಟ್ಟಿಯಾದರೆ ಬಾಯಲ್ಲಿ ಕರಗುವ ಸುಖ ಹೋಯಿತು.

ಲೆಕ್ಕ ಹೀಗೆ ಬರುತ್ತದೆ. ಮೊಸರಿನಿಂದ 31 ಗ್ರಾಂ, ನೂರಕ್ಕೆ ಎಂಬತ್ತು ಪಾಲು ಪ್ರೋಟೀನ್ ಇರುವ ಪುಡಿಯಿಂದ 28, ಹಣ್ಣಿನಿಂದ 2. ಒಟ್ಟು 61. ಬಟ್ಟಲಿಗೆ 15 ಗ್ರಾಂ. ಕ್ಯಾಲೊರಿ 160ರ ಆಸುಪಾಸು. ಜೆಲಟಿನ್‌ನದ್ದನ್ನು ನಾನು ಬೇಕೆಂದೇ ಸೇರಿಸಿಲ್ಲ. ಅದೂ ಪ್ರೋಟೀನ್ ನಿಜ. ಆದರೆ ಅದರಲ್ಲಿ ಟ್ರಿಪ್ಟೊಫಾನ್ ಅನ್ನುವ ಅಗತ್ಯ ಅಮೈನೊ ಆಮ್ಲ ಇಲ್ಲವೇ ಇಲ್ಲ. ಜೆಲಟಿನ್ ಲೆಕ್ಕ ಹಿಡಿದು 'ಹೈ ಪ್ರೋಟೀನ್ ಜೆಲ್ಲಿ' ಅನ್ನುವ ರೆಸಿಪಿ ಕಂಡರೆ ಅದರ ಅಂಕಿಯನ್ನು ಅಷ್ಟು ನಂಬಬೇಡಿ. ಕೊಲಾಜೆನ್ ಪುಡಿಗೂ ಇದೇ ಮಾತು. ಕರಗುವ ಕೊಲಾಜೆನ್ ಪುಡಿ ಜೆಲ್ಲಿಯನ್ನೂ ಕಟ್ಟುವುದಿಲ್ಲ.

ಬಟ್ಟಲಿಗೆ 15 ಗ್ರಾಂ ಅನ್ನುವುದು ಸಣ್ಣ ಅಂಕಿ ಏನಲ್ಲ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ದೇಹದ ತೂಕದ ಕಿಲೋಗೆ 0.8 ಗ್ರಾಂ ಪ್ರೋಟೀನ್ ಅನ್ನುವುದು ಸಾಮಾನ್ಯ ಲೆಕ್ಕ. 60 ಕಿಲೋ ತೂಕದವರಿಗೆ 48 ಗ್ರಾಂ. 15 ಗ್ರಾಂಗಿಂತ ಜಾಸ್ತಿ ಒಂದೇ ಬಟ್ಟಲಿಗೆ ತುರುಕಲು ಹೋದರೆ ರುಚಿಯೇ ಬಲಿಯಾಗುವುದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಪುಡಿ ಮುಟ್ಟುವ ಮೊದಲು ವೈದ್ಯರನ್ನು ಕೇಳಲಿ. ಹಾಲಿನ ಅಲರ್ಜಿ ಇರುವವರಿಗೆ ವೇ ಆಗುವುದಿಲ್ಲ.

ಜೆಲಟಿನ್ ತಿನ್ನದವರಿದ್ದರೆ ಚೈನಾ ಗ್ರಾಸ್‌ನಲ್ಲಿ ಮಾಡಬಹುದು, ಆದರೆ ಕ್ರಮವೇ ಬೇರೆ. ಜೆಲಟಿನ್ ಕುದಿಸಬಾರದು, ಇದನ್ನು ಕುದಿಸಲೇಬೇಕು. 150 ಮಿಲಿ ನೀರಿಗೆ 3ರಿಂದ 4 ಗ್ರಾಂ ಪುಡಿ ಹಾಕಿ, ಕೈಯಾಡಿಸುತ್ತಾ ಎರಡು ಮೂರು ನಿಮಿಷ ಕುದಿಸಿ. ಹುಳಿ ಹಣ್ಣಿನ ಜೊತೆಗೇ ಕುದಿಸಿದರೆ ಅದರ ಬಲ ಕಮ್ಮಿಯಾಗುತ್ತದೆ, ಆದ್ದರಿಂದ ನೀರಿನಲ್ಲೇ ಕುದಿಸಿ ಆಮೇಲೆ ಬೇಯಿಸಿಟ್ಟ ಬಿಸಿ ಹಣ್ಣಿಗೆ ಸೇರಿಸಿ. ವೇ ಪುಡಿಯನ್ನು ಮೊಸರಿಗೆ ಕಲಸಿಟ್ಟಿರಿ. ಇನ್ನೊಂದು ವಿಷಯ. ಇದು 35ರಿಂದ 40 ಡಿಗ್ರಿಗೇ ಗಟ್ಟಿಯಾಗಿಬಿಡುತ್ತದೆ, ಫ್ರಿಜ್ ಕೂಡ ಬೇಕಿಲ್ಲ. ಹಾಗಾಗಿ ಮೊಸರು ತಣ್ಣಗಿರಲೇಬಾರದು, ನಿಮ್ಮ ಕೈ ನಿಧಾನ ಆಗಲೂಬಾರದು. ಹಣ್ಣಿನ ಮಿಶ್ರಣ ಇನ್ನೂ ಬೆಚ್ಚಗಿರುವಾಗಲೇ ಮೊಸರನ್ನು ಅದಕ್ಕೆ ಸೌಟು ಸೌಟಾಗಿ ಹಾಕುತ್ತಾ ಕಡೆಯಿರಿ. ಮೊಸರು ಬೀಳುವ ಮೊದಲೇ ಹಣ್ಣು ಗಟ್ಟಿಯಾದರೆ ಗಾಬರಿ ಬೇಡ, ಮತ್ತೆ ಕುದಿಸಿದರೆ ಕರಗುತ್ತದೆ. ಮೊಸರು ಬಿದ್ದ ಮೇಲೆ ಮಾತ್ರ ವಾಪಸ್ ಒಲೆಗೆ ಇಡುವ ಹಾಗಿಲ್ಲ, ಒಡೆದುಹೋಗುತ್ತದೆ.

ರುಚಿಯಲ್ಲಿ ಎರಡಕ್ಕೂ ವ್ಯತ್ಯಾಸ ಇದೆ. ಜೆಲಟಿನ್ ಮೈ ಬಿಸಿಗಿಂತ ಸ್ವಲ್ಪ ಕಡಿಮೆ ಬಿಸಿಗೇ ಕರಗುತ್ತದೆ, ಅದಕ್ಕೇ ಬಾಯಲ್ಲಿ ಇಟ್ಟೊಡನೆ ಜಾರುತ್ತದೆ. ಚೈನಾ ಗ್ರಾಸ್ ಕರಗಲು 85 ಡಿಗ್ರಿ ಬೇಕು. ಬಾಯಲ್ಲಿ ಕರಗುವುದಿಲ್ಲ, ಮುರಿಯುತ್ತದೆ. ಅಳತೆ ಸ್ವಲ್ಪ ಜಾಸ್ತಿಯಾದರೂ ಕಟುಕಟು ಅನ್ನುತ್ತದೆ. ಪುಡಿಯ ಬಲ ಒಂದೊಂದು ಪ್ಯಾಕೆಟ್‌ಗೆ ಒಂದೊಂದು ಥರ. ಕುದಿಸಿದ ಮೇಲೆ ಹಣ್ಣಿನ ಮಿಶ್ರಣದ ಒಂದು ಹನಿಯನ್ನು ತಣ್ಣನೆ ತಟ್ಟೆಯ ಮೇಲೆ ಬಿಟ್ಟು ನೋಡಿ. ಒಂದು ನಿಮಿಷದಲ್ಲಿ ಗಟ್ಟಿಯಾಗಿ, ಬೆರಳಿನಿಂದ ತಳ್ಳಿದರೆ ಪೂರ್ತಿ ಜಾರಬೇಕು. ಮೊಸರು ಸೇರಿದಾಗ ಅದು ಇನ್ನೂ ಮೃದುವಾಗುತ್ತದೆ, ಅದನ್ನೂ ಲೆಕ್ಕದಲ್ಲಿಡಿ.

ಇಷ್ಟೆಲ್ಲ ತಾಪತ್ರಯ ಯಾಕೆ ಅನ್ನಿಸಿದರೆ, ನಿಜ ಹೇಳಬೇಕು ಅಂದರೆ ಬಟ್ಟಲಲ್ಲೇ ತಿನ್ನುವ ಡೆಸರ್ಟ್‌ಗೆ ಜೆಲಟಿನ್ನೂ ಬೇಡ, ಚೈನಾ ಗ್ರಾಸೂ ಬೇಡ. ಚಮಚ ನಿಲ್ಲುವಷ್ಟು ನೀರಿಳಿದ ಮೊಸರು ತಾನೇ ಗಟ್ಟಿ ಇರುತ್ತದೆ. ಪುಡಿಯನ್ನು ಮೊದಲು ಎರಡು ಮೂರು ಚಮಚ ಮೊಸರಿನಲ್ಲಿ ಪೇಸ್ಟ್ ಮಾಡಿಕೊಂಡು ಉಳಿದದ್ದಕ್ಕೆ ಸೇರಿಸಿ. ಗ್ಲಾಸಿನಲ್ಲಿ ಒಂದು ಪದರ ಮೊಸರು, ಒಂದು ಪದರ ಇಂಗಿಸಿದ ಹಣ್ಣು, ಮತ್ತೆ ಮೊಸರು. ಪ್ರೋಟೀನ್ ಲೆಕ್ಕ ಅಷ್ಟೇ. ನೊರೆಯ ಹಗುರತನ ಸಿಗುವುದಿಲ್ಲ, ಅದೊಂದೇ ಕೊರತೆ. ವಾರದ ದಿನಗಳಿಗೆ ನನ್ನ ಆಯ್ಕೆ ಇದೇ.

ನೊರೆಯೇ ಬೇಕು, ಆದರೆ ಕಾಯುವ ತಾಳ್ಮೆ ಇಲ್ಲ ಅನ್ನುವವರಿಗೆ ಇನ್ನೊಂದು ದಾರಿ. ಫ್ರೀಜರ್‌ನಿಂದ ತೆಗೆದ ಬೆರಿ 200 ಗ್ರಾಂ, 60 ಮಿಲಿ ತಣ್ಣನೆ ಹಾಲು ಮಿಕ್ಸಿಯಲ್ಲಿ ರುಬ್ಬಿ. ದೊಡ್ಡ ಪಾತ್ರೆಗೆ ಹಾಕಿ 30 ಗ್ರಾಂ ಪ್ರೋಟೀನ್ ಪುಡಿ ಸೇರಿಸಿ, ಬೀಟರ್‌ನಿಂದ ಐದಾರು ನಿಮಿಷ ಬಡಿಯಿರಿ. ಕೇಸಿನ್ (ಹಾಲಿನ ಇನ್ನೊಂದು ಪ್ರೋಟೀನ್) ಪುಡಿ, ಅಥವಾ ಕೇಸಿನ್ ಬೆರೆತ ವೇ ಇದ್ದರೆ ಇನ್ನೂ ಚೆನ್ನ, ಅದು ನೀರು ಹೀರಿ ದಪ್ಪವಾಗುತ್ತದೆ. ಪಾತ್ರೆ ನಿಜಕ್ಕೂ ದೊಡ್ಡದಿರಲಿ. ಅಷ್ಟು ಉಬ್ಬುತ್ತದೆ. ಆದರೆ ಮಾಡಿದ ಕೂಡಲೇ ತಿನ್ನಬೇಕು, ಇಟ್ಟರೆ ಕುಸಿಯುತ್ತದೆ.

ಹಾಲು ಬೇಡ ಅನ್ನುವವರು ಸೋಯಾ ಹಾಲಿನಿಂದ ಮಾಡುವ, ರೇಷ್ಮೆಯಷ್ಟು ನಯವಾದ ಸಿಲ್ಕನ್ ಟೋಫು ರುಬ್ಬಿ ಬಳಸಬಹುದು. ಪ್ರೋಟೀನ್ 100 ಗ್ರಾಂಗೆ 5ರಿಂದ 6 ಗ್ರಾಂ. ಸೋಯಾ ವಾಸನೆ ಮುಚ್ಚಲು ಗಾಢ ಬಣ್ಣದ ಬೆರಿ ಅಥವಾ ಕೋಕೋ ಇರಲಿ. ಬಟಾಣಿ ಪ್ರೋಟೀನ್ ಪುಡಿ ಹಣ್ಣಿನ ಜೊತೆ ಅಷ್ಟಾಗಿ ಹೊಂದುವುದಿಲ್ಲ, ಮಣ್ಣಿನ ವಾಸನೆ ಎದ್ದು ಬರುತ್ತದೆ. ಹಸಿ ಮೊಟ್ಟೆಯ ಬಿಳಿ ಬಡಿದು ಹಾಕುವ ಹಳೆಯ ರೀತಿಯೂ ಇದೆ. ಸಾಲ್ಮೊನೆಲ್ಲಾ ಅನ್ನುವ ರೋಗಾಣುವಿನ ಭಯ ಇರುವುದರಿಂದ ಪಾಶ್ಚರೀಕರಿಸಿದ ಮೊಟ್ಟೆ ಸಿಕ್ಕರೆ ಮಾತ್ರ.

ಬಾದಾಮಿ, ಕಡಲೆಕಾಯಿ ಬೆಣ್ಣೆ ಹಾಕಿ ಪ್ರೋಟೀನ್ ಏರಿಸುವವರಿಗೆ ಒಂದು ಎಚ್ಚರಿಕೆ. ಬಾದಾಮಿಯಲ್ಲಿ 100 ಗ್ರಾಂಗೆ 21 ಗ್ರಾಂ ಪ್ರೋಟೀನ್ ಇದೆ, ಕೊಬ್ಬು ಅದರ ಎರಡು ಪಟ್ಟಿಗೂ ಜಾಸ್ತಿ. ಕರುಂ ಕುರುಂ ಅನ್ನಲು ಮೇಲೆ ಒಂದು ಚಮಚ ಚೂರು ಉದುರಿಸಿ, ಅಷ್ಟು ಸಾಕು. ಅದೂ ಬಡಿಸುವಾಗಲೇ, ಇಲ್ಲದಿದ್ದರೆ ಮೆತ್ತಗಾಗುತ್ತದೆ.

ಸಿಹಿಯನ್ನು ಯಾವಾಗ ನೋಡಬೇಕು ಅನ್ನುವುದೂ ಮುಖ್ಯ. ತಣ್ಣಗಿರುವ ತಿನಿಸು ನಾಲಿಗೆಗೆ ಕಡಿಮೆ ಸಿಹಿ ಅನ್ನಿಸುತ್ತದೆ. ಮಿಶ್ರಣ ಮಾಡುವಾಗ ಸ್ವಲ್ಪ ಜಾಸ್ತಿಯಾಯಿತೇನೋ ಅನ್ನಿಸಿದರೆ ಫ್ರಿಜ್‌ನಿಂದ ತೆಗೆದಾಗ ಸರಿಯಾಗಿರುತ್ತದೆ. ಪ್ರೋಟೀನ್ ಪುಡಿಯಲ್ಲೇ ಸಿಹಿ ಇದ್ದರೆ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ, ರುಚಿ ನೋಡಿ ಏರಿಸಿ.

ಹಿಂದಿನ ದಿನ ಮಾಡಿಡುವ ಬಗ್ಗೆ ಕೇಳಿದ್ದೀರಿ. ಧಾರಾಳವಾಗಿ ಮಾಡಿಡಿ. ಜೆಲಟಿನ್‌ನದ್ದು ಮಾರನೆಯ ದಿನಕ್ಕೆ ಇನ್ನೂ ಸ್ವಲ್ಪ ಗಟ್ಟಿಯಾಗುತ್ತದೆ, ರುಚಿಯೂ ಕೂಡಿಕೊಳ್ಳುತ್ತದೆ. ಚೈನಾ ಗ್ರಾಸ್‌ನದ್ದು ಎರಡನೇ ದಿನದಿಂದ ಅಂಚಿನಲ್ಲಿ ನೀರು ಬಿಡಲು ಶುರು ಮಾಡುತ್ತದೆ. ಕೆಟ್ಟಿಲ್ಲ, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ. ಫ್ರಿಜ್ 5 ಡಿಗ್ರಿಗಿಂತ ತಣ್ಣಗಿರಲಿ, ಎರಡು ಮೂರು ದಿನದೊಳಗೆ ಮುಗಿಸಿ. ಹೊರಗೆ ಎರಡು ಗಂಟೆ ಮೀರಿ ಇಡಬೇಡಿ. ಫ್ರೀಜರ್‌ಗಂತೂ ಬೇಡವೇ ಬೇಡ, ಕರಗುವಾಗ ಕಟ್ಟು ಒಡೆದು ನೀರು ಬೇರೆಯಾಗುತ್ತದೆ. ಮೇಲಿನ ತಾಜಾ ಹಣ್ಣು ಬಡಿಸುವ ಹೊತ್ತಿಗೆ ಹಾಕಿ. ಬಟ್ಟಲುಗಳಿಗೆ ಬಿಗಿ ಮುಚ್ಚಳ ಹಾಕುವುದನ್ನು ಮರೆಯಬೇಡಿ. ಮೊಸರು ಪಕ್ಕದಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ವಾಸನೆಯನ್ನೆಲ್ಲ ಎಳೆದುಕೊಂಡುಬಿಡುತ್ತದೆ.